ಚಿಕ್ಕೋಡಿಗೆ ಒಗಿ!

ನಾವು ಐದು ಮಂದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಊರಿಗೊಬ್ಬರಂತೆ. ಹಾಸ್ಟೆಲಿನಲ್ಲಿ ನಮ್ಮನ್ನ ಹೆಸರು ಹಿಡಿದು ಕರೆಯುವವರು ಕಮ್ಮಿ, ಊರಿನ ಹೆಸರೇ ನಮ್ಮ ಹೆಸರು. ಐದೂ ಮಂದಿ ಓದಿದ್ದು ಇಂಗ್ಲಿಷ್ ಮೀಡಿಯಂ, ಹಾಗಾಗಿ ಇಲ್ಲಿ ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿರ್ತಾರೆ ಅಂತ ನಂಬಿಕೊಂಡಿದ್ದೇವೆ. ನಾವು "ಐತಿ", "ಹೋಗೂಣು" ಅಂದ ಕೂಡಲೇ ಕೆಲವರು "ನೀವು ಮಹಾರಾಷ್ಟ್ರದವರಾ?" ಅಂತ ಕೇಳ್ತಾರೆ. ಅಲ್ಲರೀ, ಬೆಳಗಾವಿ ಜಿಲ್ಲೆಯವರು.

ಕಳೆದ ವರ್ಷ ನಮ್ಮೊಳಗೊಬ್ಬ ಡಿಸ್ಕೌಂಟಿನಲ್ಲಿ 'ಮ್ಯಾಡನ್ ಎನ್‌ಎಫ್‌ಎಲ್' ಗೇಮಿನ ಹಳೇ ಆವೃತ್ತಿ ತಗೊಂಡ. ಕೋಚ್ ಜಾನ್ ಮ್ಯಾಡನ್ ಹೆಸರಿನಲ್ಲಿ 1988ರಿಂದ ಬರ್ತಿರೋ ಅಮೆರಿಕನ್ ಫುಟ್‌ಬಾಲ್ ಗೇಮ್. ನಿಪ್ಪಾಣಿಯವನು ಕೊಲ್ಹಾಪುರದ ಶಾಹು ಸ್ಟೇಡಿಯಂನಲ್ಲಿ ತಾಲೀಮ್ ತಂಡಗಳ ಮ್ಯಾಚ್ ನೋಡಿ ಬೆಳೆದವನು. ಐದು ನಿಮಿಷ ನೋಡಿ, "ಬಾಲಿಗೆ ಕಾಲ ಹಚ್ಚೂದಿಲ್ಲ, ಇದ್ಯಾವ ಫುಟ್‌ಬಾಲ್ ಲೇ?" ಅಂದ. ಆಮೇಲೆ ಕಂಟ್ರೋಲರ್ ಬಿಡದವನೂ ಅವನೇ.

ಮೇಲಿನ ಮಹಡಿಯ ಹುಡುಗರು ನಮಗಿಂತ ಮೊದಲೇ ಈ ಗೇಮ್ ಕಲಿತವರು. ಮೊದಲ ಮ್ಯಾಚಿನಲ್ಲಿ ನಮ್ಮನ್ನ 42-0 ಹೊಡೆದರು. ಅವರು ಮಾಡ್ತಿದ್ದದ್ದು ಒಂದೇ ಕೆಲಸ, ಬ್ಲಿಟ್ಜ್. ಜರ್ಮನ್ ಭಾಷೆಯಲ್ಲಿ ಹಾಗಂದರೆ ಮಿಂಚು. ಬಾಲ್ ಹಿಡಿದು ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ ಸಾಮಾನ್ಯವಾಗಿ 4 ಜನ ನುಗ್ಗುತ್ತಾರೆ, ಬ್ಲಿಟ್ಜ್‌ನಲ್ಲಿ 5, 6, ಕೆಲವೊಮ್ಮೆ ಇನ್ನೂ ಹೆಚ್ಚು. ನಾವು ಗಾಬರಿಯಾಗಿ ಹಿಂದಕ್ಕೆ ಓಡ್ತಿದ್ವಿ. ಹಿಂದೆ ಓಡಿದಷ್ಟೂ ನಷ್ಟ ಜಾಸ್ತಿ, ಯಾಕಂದ್ರೆ ಎಲ್ಲಿ ಕೆಡವುತ್ತಾರೋ ಮುಂದಿನ ಆಟ ಅಲ್ಲಿಂದಲೇ ಶುರು. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕಾದವರು 15 ಗಜ ಹಿಂದೆ ಬಿದ್ದಿರ್ತಿದ್ವಿ.

ಒಂದು ಭಾನುವಾರ ರಫ್ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ವಿ. ಎರಡೂ ಕಡೆ 11 ಜನ. ನಮ್ಮಲ್ಲಿ ತಡೆಯೋರು 5, ಎಸೆಯೋನು 1, ಪಾಸ್ ಹಿಡಿಯೋರು 5. ಅವರು 4 ಜನರನ್ನ ಕಳಿಸಿದರೆ ನಮ್ಮ 5 ಜನರನ್ನ ಕಾಯೋಕೆ 7 ಜನ ಉಳೀತಾರೆ. 6 ಕಳಿಸಿದರೆ ಉಳಿಯೋದು 5 ಮಾತ್ರ. ನುಗ್ಗುವವರಲ್ಲಿ ಒಬ್ಬನನ್ನ ತಡೆಯೋಕೆ ನಮ್ಮಲ್ಲಿ ಯಾರೂ ಇಲ್ಲ, ಅವನು ಬಂದೇ ಬರ್ತಾನೆ. ಆದರೆ ಅವನು ಬಿಟ್ಟು ಬಂದ ಜಾಗ ಖಾಲಿ. ಹತ್ತಿರದವನಿಗೆ ಒಂದು ಸಣ್ಣ ಪಾಸ್ ಹೋಯ್ತು ಅಂದ್ರೆ, ಮುಂದೆ ಹಿಡಿಯೋಕೆ ಹೆಚ್ಚು ಜನ ಇರೋದಿಲ್ಲ. ಇಷ್ಟು ದಿನ ನಾವು ನುಗ್ಗಿ ಬರೋರನ್ನ ನೋಡ್ತಿದ್ವಿ, ಅವರು ಬಿಟ್ಟು ಬಂದ ಜಾಗ ನೋಡ್ತಿರಲಿಲ್ಲ.

ಪಾಸ್ ಹಿಡಿಯೋರು 5, ಕಂಟ್ರೋಲರಿನಲ್ಲಿ ಅವರಿಗೆ ಬಟನ್ 5, ನಾವೂ 5. ಮೇಲಿನ ಮಹಡಿಯವರು 'ಸ್ಲ್ಯಾಂಟ್', 'ಫ್ಲ್ಯಾಟ್' ಅಂತ ಕೂಗ್ತಿದ್ರು. ನಾವು ಹಾಗೆ ಕೂಗಿದರೆ ಅವರಿಗೂ ತಿಳೀತದೆ. ಅದಕ್ಕೆ ನಮ್ಮ ಕಡೆಯ ಮ್ಯಾಪನ್ನೇ ಮೈದಾನದ ಮೇಲೆ ಹಾಸಿದ್ವಿ. ಉತ್ತರ ದಿಕ್ಕು ನಾವು ಮುಂದೆ ಹೋಗೋ ಕಡೆ. ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲೇ ನಿಲ್ಲೋ ರನ್ನಿಂಗ್ ಬ್ಯಾಕ್ ಚಿಕ್ಕೋಡಿ. ಎಡಕ್ಕೆ ಸಣ್ಣ ಪಾಸ್ ನಿಪ್ಪಾಣಿ, ಬಲಕ್ಕೆ ಸಣ್ಣದು ರಾಯಬಾಗ. ಉದ್ದಕ್ಕೆ ಮೇಲೆ ಹೋದ್ರೆ ಕಾಗವಾಡ. ಬಲಗಡೆ ಎಲ್ಲರಿಗಿಂತ ದೂರ ಅಥಣಿ. ದಕ್ಷಿಣದ ಹುಡುಗರಿಗೆ ನಮ್ಮ ಮ್ಯಾಪ್ ಎಲ್ಲಿ ಗೊತ್ತಾಗಬೇಕು? ಜಗಳಕ್ಕೆ ಊರಿನ ಹೆಸರು ತೆಗೀತಿದ್ದಾರೆ ಅಂದುಕೊಂಡರು.

ನಿಧಾನಕ್ಕೆ ಕೆಲವು ಪಾಠ ಕಲಿತ್ವಿ. ಬಾಲ್ ಕೈಗೆ ಬರೋ ಮೊದಲೇ ಅವರ ಹಿಂದಿನ ಸಾಲಿನವರು ಮುಂದೆ ಜರುಗ್ತಿದ್ದಾರಾ ನೋಡಬೇಕು. ನಮ್ಮವನೊಬ್ಬನನ್ನ ಈ ಬದಿಯಿಂದ ಆ ಬದಿಗೆ ಓಡಿಸಬೇಕು. ಅವರ ಒಬ್ಬ ಹಿಂದೆಯೇ ಓಡಿ ಬಂದರೆ ಆಳಿಗೆ ಆಳು ಕಾಯ್ತಿದ್ದಾರೆ, ಬರದಿದ್ದರೆ ಜಾಗ ಕಾಯ್ತಿದ್ದಾರೆ ಅಂತ ಬಹುಮಟ್ಟಿಗೆ ತಿಳೀತದೆ. ಬ್ಲಿಟ್ಜ್ ಖಾತ್ರಿ ಆದರೆ ಉದ್ದ ಓಡೋ ಇಬ್ಬರನ್ನ ಸಣ್ಣ ದಾರಿಗೆ ತಿರುಗಿಸಬೇಕು. ಇಲ್ಲಾಂದ್ರೆ ಚಿಕ್ಕೋಡಿಯನ್ನ ತಡೆಯೋಕೆ ನಿಲ್ಲಿಸಬೇಕು. ಅದೂ ಅಲ್ಲಾಂದ್ರೆ ಸ್ಕ್ರೀನ್ ಪಾಸ್: ಅವರನ್ನ ಬರಗೊಟ್ಟು, ಅವರ ತಲೆ ಮೇಲಿಂದ ಚಿಕ್ಕೋಡಿಗೆ ಎಸೆಯೋದು. ಒಮ್ಮೊಮ್ಮೆ ಅವರು ಬರೋ ಹಾಗೆ ಮಾಡಿ ಬರೋದೇ ಇಲ್ಲ, ಕಣ್ಣು ಮುಚ್ಚಿ ಎಸೆದ್ರೆ ಬಾಲ್ ಅವರ ಕೈಗೇ. ಏನೂ ದಾರಿ ಇಲ್ಲ ಅಂದ್ರೆ ಗೆರೆಯ ಆಚೆ ಎಸೆದುಬಿಡಬೇಕು, ಕಳೆದುಕೊಳ್ಳೋದು ಒಂದೇ ಪ್ರಯತ್ನ.

ಎಲ್ಲರೂ ಕಲಿತ್ವಿ, ಅಥಣಿಯವನು ಬಿಟ್ಟು. ಅವನ ಕೈಗೆ ಕಂಟ್ರೋಲರ್ ಕೊಟ್ರೆ ಉದ್ದ ಪಾಸೇ ಬೇಕು. "ತಡೀರಿ, ಈಗ ಬಿಚ್ಚತೈತಿ" ಅಂತ ಬಾಲ್ ಹಿಡಕೊಂಡೇ ನಿಲ್ತಿದ್ದ, ಅಷ್ಟರಲ್ಲಿ ನೆಲಕ್ಕೆ.

ಮೂರನೇ ಸೆಮಿನ ನವೆಂಬರ್ ರಾತ್ರಿ. ಎದುರಿಗೆ ಅದೇ ಮೇಲಿನ ಮಹಡಿಯವರು. ಅಥಣಿ ಆಡ್ತಿದ್ದ. ಹಾಸಿಗೆ ಮೇಲೆ ಅವನ ಫೋನ್ ಗುಂಯ್‌ಗುಡ್ತಿತ್ತು, ಪರದೆ ಮೇಲೆ 'ಅಪ್ಪಾ'. ನೋಡಿದ, ಎತ್ತಲಿಲ್ಲ. ನಿಂತು ಮತ್ತೆ ಬಂತು. ಅಲ್ಲಿ 6 ಜನ ನುಗ್ಗಿದರು, ಇವನು ದೂರ ನೋಡ್ತಾ ನಿಂತ. ಚಿಕ್ಕೋಡಿಯವನು ಕೂಗಿದ: "ಚಿಕ್ಕೋಡಿಗೆ ಒಗಿ ಲೇ! ಬಾಜೂಕ ಅದಾನ, ಖಾಲಿ ಅದಾನ!" ಒಗೆಯಲಿಲ್ಲ. ಬಿದ್ದ. ಫೋನ್ ಮೂರನೇ ಸಲ ಬಂತು.

"ಎತ್ತಲೇ, ಏನಾಗೇತೋ ಏನೋ ಮನ್ಯಾಗ" ಅಂದ್ವಿ. ಅವನು ಕಂಟ್ರೋಲರ್ ಕೆಳಗಿಟ್ಟ. "ಏನಾಗಿಲ್ಲ. ನಂದ ಮೂರು ಬ್ಯಾಕ್ ಅದಾವ" ಅಂದ.

ಮೊದಲ ವರ್ಷದ ಮೂರು ವಿಷಯ. ಮನೆಯಲ್ಲಿ ಎಲ್ಲಾ ಕ್ಲಿಯರ್ ಅಂತ ಹೇಳಿದ್ದ, ನಮಗೂ ಹಾಗೇ ಹೇಳಿದ್ದ. ಅಪ್ಪ ಕಬ್ಬಿನ ಬಿಲ್ಲು ಬಂದ ಮೇಲೆ ಅದರಲ್ಲೇ ಫೀ ಕಟ್ಟಿದ್ದರು. ಈ ಸೆಮ್‌ನಲ್ಲಿ ಹೊಸ ವಿಷಯದ ಜೊತೆ ಆ ಮೂರನ್ನೂ ಒಂದೇ ಹೊಡೆತಕ್ಕೆ ಕ್ಲಿಯರ್ ಮಾಡಿ, ಆಮೇಲೆ ಬೇಕಾದರೆ ಹೇಳೋದು ಅಂತ ಅವನ ಪ್ಲ್ಯಾನು. ಅದರ ನಡುವೆ ಅಟೆಂಡೆನ್ಸೂ ಕಮ್ಮಿ ಬಿದ್ದಿತ್ತು. ಎರಡು ವಾರದಿಂದ ಮನೆ ಫೋನ್ ಎತ್ತಿರಲಿಲ್ಲ.

ಯಾರೂ ಮಾತಾಡಲಿಲ್ಲ. ಅವನು ನಮ್ಮ ಪಕ್ಕದ ಮಂಚದಲ್ಲೇ ಮಲಗ್ತಿದ್ದ. ಪರದೆ ಮೇಲಿನ ಆಟಗಾರನಿಗೆ ದಿನಾ ನೂರು ಸಲ ಹೀಗೆ ಮಾಡು, ಹಾಗೆ ಮಾಡು ಅಂತ ಕೂಗಿದ ನಾವು, ಇವನನ್ನ ಒಂದು ಸಲವೂ "ಖರೇನ ಕ್ಲಿಯರ್ ಐತೇನು?" ಅಂತ ಕೇಳಿರಲಿಲ್ಲ.

ಅಪ್ಪನಿಗೆ ಹೇಳೋ ಧೈರ್ಯ ಅವನಿಗೆ ಬರಲಿಲ್ಲ. "ಮತ್ತ ಯಾರಿಗೆ ಹೇಳ್ತಿ?" ಅಂದಾಗ, ತುಸು ಹೊತ್ತು ಬಿಟ್ಟು, "ಅಕ್ಕಗ ಹೇಳಬಹುದು" ಅಂದ. ಅಕ್ಕನನ್ನ ಕೊಟ್ಟಿರೋದು ಚಿಕ್ಕೋಡಿಗೆ. ಅಳೋ ಮುಖದಲ್ಲಿದ್ದ ಅವನೇ ಮೊದಲು ನಕ್ಕ, ಆಮೇಲೆ ನಾವು.

ಅಕ್ಕ ಬೈದರು, ಸಾಕಷ್ಟು. ಮರುದಿನ ಅಪ್ಪನಿಗೆ ಅವರೇ ಹೇಳಿದರು. ಅಪ್ಪ ಎರಡು ದಿನ ಫೋನ್ ಮಾಡಲಿಲ್ಲ, ಆ ಎರಡು ದಿನ ಅಥಣಿ ಊಟ ಸರಿ ಮಾಡಲಿಲ್ಲ. ಮೂರನೇ ದಿನ ಫೋನ್ ಬಂತು, ಸ್ಪೀಕರ್ ಹಾಕಿದ. "ಮೂರ ಹೋದ್ರ ಹೋದ್ವು. ಫೋನ್ ಎತ್ತೂದ ಬಿಡಬ್ಯಾಡ. ನಿಮ್ಮವ್ವ ನಿದ್ದಿ ಮಾಡಿಲ್ಲ" ಅಷ್ಟೇ.

ಆಮೇಲೆ ಅವನು ಮೂರಕ್ಕೂ ಒಟ್ಟಿಗೆ ಕೈ ಹಾಕಲಿಲ್ಲ. ಮೊದಲು ಎರಡು ಹಿಡಿದ, ಮ್ಯಾಥ್ಸ್ ರಾಯಬಾಗದವನು ರಾತ್ರಿ ಕೂತು ಹೇಳಿಕೊಟ್ಟ. ಎರಡೂ ಪಾಸ್. ಒಂದು ಇನ್ನೂ ಇದೆ. ಇದನ್ನೆಲ್ಲ ಅವನಿಗೆ ಓದಿ ತೋರಿಸಿಯೇ ಕೊಟ್ಟಿದ್ದೇವೆ. "ಬರೀರಿ, ನನ್ನಂಗ ಇನ್ನೂ ಭಾಳ ಮಂದಿ ಇರ್ತಾರ" ಅಂದ.

ಮೇಲಿನ ಮಹಡಿಯವರ ಹತ್ತಿರ ಈಗಲೂ ಸೋಲ್ತೇವೆ. ಹೋದ ವಾರ 28-24. ಕೊನೆ ಆಟದಲ್ಲಿ ಕಂಟ್ರೋಲರ್ ಇದ್ದದ್ದು ಅಥಣಿಯ ಕೈಯಲ್ಲಿ. ಎಲ್ಲರೂ "ಚಿಕ್ಕೋಡಿ!" ಅಂತ ಕೂಗಿದ್ವಿ, ಅವನು ಚಿಕ್ಕೋಡಿಗೇ ಎಸೆದ, ಚಿಕ್ಕೋಡಿ ಬಾಲ್ ಕೈಬಿಟ್ಟ. ಆ ಬಗ್ಗೆ ನಮ್ಮಲ್ಲಿ ಇನ್ನೂ ಜಗಳ ನಡೆದಿದೆ.