ನಾಲ್ಕು ನುಡಿಗಳ ಊರು, ಐದನೆಯ ನುಡಿಯ ದನಿ

ಪೋಲೆಂಡ್ ದೇಶದ ಈಶಾನ್ಯದಲ್ಲಿ ಕಿರುಹೊಳೆಯೊಂದರ ದಡದಲ್ಲಿರುವ ಪಟ್ಟಣದ ಹೆಸರನ್ನು ಭೂಪಟದಲ್ಲಿ ಕಂಡ ಕನ್ನಡಿಗನು 'ಬಿಯಾಲಿಸ್ತೋಕ್' ಎಂದು ಓದಿಯಾನು. ರೈಲಿನಿಂದಿಳಿದು ಹಾಗೆಂದರೆ ಊರಿನವರು 'ಬ್ಯವಿಸ್ತೊಕ್' ಎಂದು ತಿದ್ದುವರು. ಪೋಲಿಷ್ ಬರೆಹದಲ್ಲಿ ಅಡ್ಡಗೀಟು ಹೊತ್ತ ಲಕಾರವು ನಾಲಗೆಯ ಮೇಲೆ ವಕಾರವಾಗುತ್ತದೆ. ಹಿಂದೊಮ್ಮೆ ಇದೇ ಊರು ರಷ್ಯನರ ಬಾಯಲ್ಲಿ 'ಬೆಲಸ್ತೋಕ್', ಯಹೂದ್ಯರ ಯಿಡ್ಡಿಷ್ ನುಡಿಯಲ್ಲಿ 'ಬ್ಯಾಲಿಸ್ತೊಕ್' ಆಗಿತ್ತು. ಒಂದೇ ಊರು, ಹೆಸರು ಮಾತ್ರ ಬಾಯಿಗೊಂದು.

1859ರಲ್ಲಿ, ಈ ಪ್ರದೇಶವು ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದಾಗ, ಭಾಷಾಶಿಕ್ಷಕರೊಬ್ಬರ ಯಹೂದಿ ಮನೆಯಲ್ಲಿ ಲುಡ್ವಿಕ್ ಜಾಮೆನ್‌ಹೋಫ್ ಜನಿಸಿದನು. ಯಹೂದ್ಯರು, ಪೋಲರು, ರಷ್ಯನರು, ಜರ್ಮನರು ಒಂದೇ ಬೀದಿಯಲ್ಲಿ ನಡೆದಾಡುತ್ತಿದ್ದರೂ ಒಬ್ಬರನ್ನೊಬ್ಬರು ಹಗೆಗಳಂತೆ ನೋಡುತ್ತಿದ್ದರು. ಈ ಒಡಕಿಗೆ ಭಾಷಾಭೇದವೇ ಮೂಲವೆಂದು ಬಾಲಕನಿಗೆ ತೋರಿತು. ಮುಂದೆ ನೇತ್ರವೈದ್ಯನಾದ ಅವನು 1887ರಲ್ಲಿ ವಾರ್ಸಾದಲ್ಲಿ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದನು. ಅದರ ಮೇಲಿದ್ದ ಗುಪ್ತನಾಮ 'ಡಾಕ್ಟರ್ ಎಸ್ಪೆರಾಂತೊ', ಎಂದರೆ ಆಶೆಯುಳ್ಳವನು. ಕರ್ತೃವಿನ ಆ ಹೆಸರೇ ಕ್ರಮೇಣ ಭಾಷೆಯ ಹೆಸರಾಯಿತು.

ಎಸ್ಪೆರಾಂತೊವಿನ ವರ್ಣಮಾಲೆಯಲ್ಲಿ 28 ಅಕ್ಷರಗಳಿವೆ, ಸ್ವರಗಳು ಐದೇ. ಅ-ಆ, ಎ-ಏ ಎಂಬ ಹ್ರಸ್ವದೀರ್ಘಗಳ ಅರ್ಥಭೇದವಿಲ್ಲ, ಮಹಾಪ್ರಾಣಗಳೂ ಇಲ್ಲ. ಅಕ್ಷರಕ್ಕೊಂದು ಧ್ವನಿ, ಧ್ವನಿಗೊಂದು ಅಕ್ಷರ ಎಂಬ ನಿಯಮ ಕನ್ನಡಿಗನಿಗೆ ಹೊಸದಲ್ಲ. ತಲೆಯ ಮೇಲೆ ಟೋಪಿಯಂಥ ಗುರುತಿಟ್ಟ ರೋಮನ್ ಅಕ್ಷರಗಳು ಚ, ಜ, ಶ ಮೊದಲಾದ ದನಿಗಳನ್ನು ಸೂಚಿಸುತ್ತವೆ. ಒತ್ತು ಎಂದಿಗೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ: 'ಅಮಿಕೊ' (ಗೆಳೆಯ) ಎಂಬಲ್ಲಿ 'ಮಿ'ಯ ಮೇಲೆ. ಪೋಲಿಷ್ ಭಾಷೆಯ ಒತ್ತೂ ಸಾಮಾನ್ಯವಾಗಿ ಅಲ್ಲಿಯೇ ಬೀಳುತ್ತದೆ. ಎಲ್ಲರಿಗಾಗಿ ಕಟ್ಟಿದ ನುಡಿಗೂ ತವರಿನ ನಡೆ ಅಂಟಿಕೊಂಡಿತು.

ಆ ನಡೆ ಎಲ್ಲರಿಗೂ ಸುಗಮವಲ್ಲ. ಜಪಾನೀಯನಿಗೆ ರಕಾರ-ಲಕಾರಗಳ ಭೇದ ತೊಡಕು. ಅರಿವೆಂಬ ಅರ್ಥದ 'ಸ್ತ್ಸಿಯೊ' ಎಂಬ ಪದದಲ್ಲಿ ಒತ್ತಕ್ಷರಗಳಿಗೆ ಪಳಗಿದ ಕನ್ನಡ ನಾಲಗೆಯೂ ಒಮ್ಮೆ ಎಡವೀತು. ಟೋಪಿಯ ಅಕ್ಷರಗಳ ಅಚ್ಚುಮೊಳೆಗಳು ಮುದ್ರಣಾಲಯಗಳಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ; ಅಗತ್ಯ ಬಿದ್ದಾಗ ಟೋಪಿಯ ಬದಲು ಹಕಾರವನ್ನು ಪಕ್ಕದಲ್ಲಿರಿಸಲು ಕರ್ತೃವೇ ಅನುಮತಿಸಿದನು.

ಆದರೆ ಉಚ್ಚಾರಣೆ ನೇರ್ಪಟ್ಟೊಡನೆ ಹೃದಯಗಳು ನೇರ್ಪಡುವುವೇ? ಈ ಪ್ರಶ್ನೆಗೆ ಊರೇ ಉತ್ತರ ಹೇಳುತ್ತದೆ. ಪಟ್ಟಣದ ನಡುವೆ ಬಾಗಿದ ಕಬ್ಬಿಣದ ಪಕ್ಕೆಗಳ ಸ್ಮಾರಕವೊಂದಿದೆ. ಅದು ಮಹಾ ಸಿನಗಾಗಿನ ಗುಮ್ಮಟದ ನೆನಪು. 1941ರ ಜೂನ್ 27ರಂದು ನಾಜಿ ಪಡೆಗಳು ನೂರಾರು ಯಹೂದ್ಯರನ್ನು ಆ ಮಂದಿರದೊಳಗೆ ಕೂಡಿ ಬೆಂಕಿಯಿಟ್ಟವು. ಜಾಮೆನ್‌ಹೋಫ್ 1917ರಲ್ಲಿಯೇ ತೀರಿಕೊಂಡಿದ್ದನು. ಅವನ ಮಗ ಆದಾಮನನ್ನು 1940ರಲ್ಲಿ ಗುಂಡಿಕ್ಕಿ ಕೊಂದರು. ಮಕ್ಕಳಾದ ಸೋಫಿಯಾ ಮತ್ತು ಲಿಡಿಯಾ 1942ರಲ್ಲಿ ತ್ರೆಬ್ಲಿಂಕಾದಲ್ಲಿ ಹತರಾದರು. ಬೀದಿಗಳನ್ನು ತುಂಬಿದ್ದ ಯಿಡ್ಡಿಷ್ ನುಡಿ ಅದನ್ನಾಡುವವರೊಡನೆ ಅಡಗಿಹೋಯಿತು. ಕೊಂದವರಿಗೆ ಭಾಷೆಯ ಕೊರತೆಯಿರಲಿಲ್ಲ.

ಅವನ ನೂರೈವತ್ತನೆಯ ಜನ್ಮವರ್ಷವಾದ 2009ರಲ್ಲಿ ವಿಶ್ವ ಎಸ್ಪೆರಾಂತೊ ಸಮ್ಮೇಳನ ಇಲ್ಲಿಯೇ ನೆರೆಯಿತು. ನಾನಾ ದೇಶಗಳ ಜನ ನಾನಾ ರಾಗಗಳಲ್ಲಿ, ಆದರೆ ಒಂದೇ ನುಡಿಯಲ್ಲಿ ಮಾತಾಡಿಕೊಂಡರು. ಆ ಭಾಷೆಯಲ್ಲಿ ಊರಿಗೆ ಐದನೆಯದೊಂದು ಹೆಸರುಂಟು: 'ಬ್ಯಲಿಸ್ತೊಕೊ'. ಒತ್ತು ನಿಯಮದಂತೆ 'ತೊ' ಅಕ್ಷರದ ಮೇಲೆ. ಅದನ್ನು ಉಚ್ಚರಿಸಲು ಯಾರೂ ರಷ್ಯನನೋ ಪೋಲನೋ ಯಹೂದಿಯೋ ಆಗಬೇಕಾಗಿಲ್ಲ.