ಕೌದಿಯ ಸೂಜಿ ಹುಡುಕಿ ಹಳಿಯಾಳಕ್ಕೆ

ಧಾರವಾಡದಿಂದ ಹಳಿಯಾಳದ ಬಸ್ಸು ಹತ್ತಿದರೆ ಬಯಲಿನ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆ, ಸಾಗುವಾನಿ, ಬಿದಿರು ಕಾಣತೊಡಗುತ್ತವೆ. ಕಳೆದ ವರ್ಷ ನವೆಂಬರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗುತ್ತಿದ್ದ ಆ ಬಸ್ಸಿನಲ್ಲಿ ನಾನು ಮಡಿಲಲ್ಲೊಂದು ಚೀಲ ಇಟ್ಟುಕೊಂಡು ಕುಳಿತಿದ್ದೆ. ಚೀಲದಲ್ಲಿ ಹರಿದ ಒಂದು ಕೌದಿ ಮತ್ತು ಅಮ್ಮಿಯ ನಾಲ್ಕು ಹಳೆಯ ನೂಲಿನ ಸೀರೆಗಳಿದ್ದವು.

ಅಮ್ಮಿ ನಮ್ಮನ್ನು ಅಗಲಿದಾಗ ಅವರ ಪೆಟ್ಟಿಗೆಯಲ್ಲಿ ಉಳಿದದ್ದು ಇಂತಹ ಆರು ಸೀರೆ. ಉಟ್ಟು, ಒಗೆದು ಮಲ್ಲಿನಷ್ಟು ಮೃದುವಾಗಿದ್ದವು. ಮಗಳ ನಿಕಾಹ್ ನಿಶ್ಚಯವಾದಾಗ ಅಜ್ಜಿಯ ಸೀರೆಗಳಲ್ಲಿ ಒಂದು ಕೌದಿ ಹೊಲಿದುಕೊಡಬೇಕೆಂದು ನನ್ನ ಆಸೆ. ಹಿಂದೆ ನಮ್ಮ ಓಣಿಗೆ ಕೌದಿ ಹೊಲಿಯುವ ಹೆಂಗಸರು ತಾವಾಗಿಯೇ ಬರುತ್ತಿದ್ದರು. ಈಗ ಬರುವುದಿಲ್ಲ. ಮನೆಯಲ್ಲಿ ಕೈಯಿಂದ ತಿರುಗಿಸುವ ಅಮ್ಮಿಯ ಕಪ್ಪು ಮೆಷಿನ್ ಇದೆಯಲ್ಲ, ಅದರಲ್ಲೇ ಹೊಲಿದರಾಯಿತು ಎಂದುಕೊಂಡೆ.

ಮೆಷಿನ್ನಿನಲ್ಲಿ ಮೊದಲೇ ಇದ್ದದ್ದು ದುಪಟ್ಟಾ ಅಂಚು ಹೊಲಿಯುವ 11ನೇ ನಂಬರಿನ ಸೂಜಿ. ಮಡಿಕೆಗಳು ಸೇರುವ ದಪ್ಪ ಜಾಗ ಬಂದೊಡನೆ ಟಕ್ ಎಂದು ಮುರಿಯಿತು. ಸಿಟ್ಟು ಬಂತು. ಗಟ್ಟಿ ಸೂಜಿಯೇ ಬೇಕೆಂದು ಅಂಗಡಿಯಲ್ಲಿ 18ನೇ ನಂಬರಿನದ್ದು ಕೇಳಿ ತಂದೆ. ಜೊತೆಗೆ ಎಳೆದರೆ ಬೆರಳು ಕೊಯ್ಯುವಂತಹ ಪಾಲಿಯೆಸ್ಟರ್ ದಾರ. ಬಾಳಿಕೆ ಬರಲಿ ಎಂದು ಹೊಲಿಗೆಯನ್ನೂ ಚಿಕ್ಕದಾಗಿ, ಒತ್ತೊತ್ತಾಗಿ ಹಾಕಿದೆ. ಎರಡು ಸೀರೆ ಮುಗಿಸಿ ಮೊದಲ ಸಲ ನೆನೆಸಿ ಹಿಂಡಿದಾಗ ಬಟ್ಟೆ ಹೊಲಿಗೆಯ ಗೆರೆಯಲ್ಲೇ ಬಿಟ್ಟುಕೊಂಡಿತು. ಅಂಚೆಚೀಟಿಯ ಹಾಳೆಯಲ್ಲಿ ತೂತುಗಳ ಸಾಲು ಇರುತ್ತದಲ್ಲ, ಹಾಗೆಯೇ. ದಾರ ಮಾತ್ರ ಹೊಸದರಂತೆ ಗಟ್ಟಿಯಾಗಿತ್ತು! ಬಚ್ಚಲಲ್ಲಿ ಕುಳಿತು ಅತ್ತುಬಿಟ್ಟೆ. ಬೇರೆ ಬಟ್ಟೆಯಾಗಿದ್ದರೆ ಇನ್ನೊಂದು ಕೊಳ್ಳಬಹುದಿತ್ತು.

ನಮ್ಮ ಶಾಲೆಯ ಸಹ ಶಿಕ್ಷಕಿಯೊಬ್ಬರ ತವರು ಹಳಿಯಾಳ. "ಉಳಿದ ನಾಲ್ಕಕ್ಕೆ ಕೈ ಹಚ್ಚಬೇಡಿ ಆಪಾ. ನಮ್ಮ ಕಡೆ ಸಿದ್ದಿ ಹೆಂಗಸರು ಹೊಲಿಯುವುದನ್ನು ಒಮ್ಮೆ ನೋಡಿ ಬನ್ನಿ" ಎಂದು ಅವರೇ ರವಿವಾರ ನನ್ನನ್ನು ಕರೆದುಕೊಂಡು ಹೊರಟಿದ್ದರು.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇವರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಇಲ್ಲಿನ ಹೆಂಗಸರ ಒಂದು ಕವಂದಿ ಸಹಕಾರ ಗುಂಪೂ ಆರಂಭವಾಗಿತ್ತು.

ಪೇಟೆಯಿಂದ ಒಳಗೆ ಒಂದು ಊರು. ಸಗಣಿ ಸಾರಿಸಿದ ಅಂಗಳದಲ್ಲಿ ಅರುವತ್ತು ದಾಟಿದ ಖಾಲಾ ಒಬ್ಬರು ಕಾಲು ಚಾಚಿ ಕುಳಿತು ಹೊಲಿಯುತ್ತಿದ್ದರು. ಸಲಾಮ್ ಹೇಳಿ ಪಕ್ಕದಲ್ಲಿ ಕುಳಿತೆ. ನಮ್ಮ ಮಾತೆಲ್ಲ ಉರ್ದುವಿನಲ್ಲೇ ನಡೆಯಿತು. ಕೆಳಗೆ ಒಂದು ಇಡೀ ಸೀರೆ ಹಾಸಿ, ಅದರ ಮೇಲೆ ತುಂಡುಗಳನ್ನು ಅಂಚು ಮಡಿಚಿ ಇಡುತ್ತಾ ಹೋಗುತ್ತಾರೆ. ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತು ಹಾಕುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಗುರುತು ಹಾಕುವುದಿಲ್ಲ, ಅಳತೆಪಟ್ಟಿ ಇಲ್ಲ. ಆದರೂ ಸಾಲುಗಳು ಉತ್ತ ಹೊಲದಂತೆ ಒಂದರ ಪಕ್ಕ ಒಂದು. ಮುಗಿದ ಮೇಲೆ ನಾಲ್ಕು ಮೂಲೆಗೂ ತ್ರಿಕೋನದಂತೆ ಮಡಿಚಿದ ಬಟ್ಟೆಯ ಹೂವು. ಅದಕ್ಕೆ ಫೂಲಾ ಎನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆಯಾಗಿ ಕಾಣುತ್ತದಂತೆ!

ನನ್ನ ಹರಿದ ಕೌದಿಯನ್ನು ಖಾಲಾ ಬೆಳಕಿಗೆ ಹಿಡಿದು ನೋಡಿದರು. ಹೊಲಿಗೆಯ ಮೇಲೆ ಉಗುರು ಎಳೆದರು.

"ಬೇಟಿ, ಬಟ್ಟೆಗೆ ವಯಸ್ಸಾಗಿದೆ. ದಾರ ಮಾತ್ರ ಹರೆಯದ್ದು ಹಾಕಿದ್ದೀಯಲ್ಲ!"

ನಾನು ಗಟ್ಟಿ ಇರಲಿ ಎಂದು ಹಾಕಿದೆ ಎಂದೆ.

"ಎಳೆದಾಟ ಬಂದಾಗ ಯಾರಾದರೂ ಒಬ್ಬರು ಸೋಲಲೇಬೇಕು. ದಾರ ಸೋತರೆ ಮತ್ತೆ ಹೊಲಿಯಬಹುದು. ಸೀರೆ ಸೋತರೆ ಏನು ಮಾಡುತ್ತೀ?"

ಅವರ ಕೈಯಲ್ಲಿದ್ದದ್ದು ಸಾಮಾನ್ಯ ನೂಲಿನ ದಾರ, ಹೊಲಿಗೆಯೂ ಒತ್ತಾಗಿರಲಿಲ್ಲ. ನಾನು ಪದವೀಧರೆ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಇಷ್ಟು ಸರಳವಾದ ವಿಷಯ ನನಗೆ ಹೊಳೆದಿರಲಿಲ್ಲ. ಸೂಜಿ ದಪ್ಪವಾದಷ್ಟೂ ತೂತು ದೊಡ್ಡದು, ಹೊಲಿಗೆ ಚಿಕ್ಕದಾದಷ್ಟೂ ತೂತುಗಳು ಹತ್ತಿರ. ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೆ.

ಮರಳಿ ಬಂದ ಮೇಲೆ ಸೂಜಿ, ದಾರ ಎರಡನ್ನೂ ಹೊಸದಾಗಿ ಆರಿಸಿದೆ. ಅಂಗಡಿಯಲ್ಲಿ "ದಪ್ಪ ಸೂಜಿ ಕೊಡಿ" ಎಂದು ಕೇಳಬೇಡಿ, ನಂಬರ್ ಹೇಳಿ ಕೇಳಿ. ಮೆಷಿನ್ ಸೂಜಿಯ ಪೊಟ್ಟಣದ ಮೇಲೆ 14 ಮತ್ತು 90 ಎಂದು ಎರಡು ಅಂಕಿ ಇದ್ದರೆ, 90 ಎಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. 16 ಎಂದರೆ 1 ಮಿಲಿಮೀಟರ್, ನನ್ನ 18 ಎಂದರೆ 1.1. ನಂಬರ್ ಏರಿದಂತೆ ಸೂಜಿ ದಪ್ಪ. ದಾರದಲ್ಲಿ ಇದು ತಿರುವುಮುರುವು, 60ಕ್ಕಿಂತ 40ನೇ ನಂಬರಿನ ನೂಲು ದಪ್ಪ. ಕೈಸೂಜಿಯಲ್ಲೂ ನಂಬರ್ ಏರಿದಂತೆ ಸೂಜಿ ಸಣ್ಣಗಾಗುತ್ತದೆ. ಇದನ್ನು ಯಾರು ಹೀಗೆ ಮಾಡಿಟ್ಟರೋ, ನಮ್ಮನ್ನು ಗೊಂದಲಕ್ಕೆ ಹಾಕುವುದಕ್ಕೇ ಇರಬೇಕು.

ಮೂರು ಪದರದ ಹಳೆಯ ಸೀರೆಗೆ 14ನೇ ನಂಬರಿನ ಸೂಜಿ, 40ರ ನೂಲಿನ ದಾರ ಸರಿಹೋಯಿತು. ಬಾಬಿನ್ನಿಗೂ ಅದೇ ದಾರ. ಮಡಿಕೆ ಹೆಚ್ಚಿರುವ ಅಂಚಿಗೆ ಮಾತ್ರ 16 ಹಾಕಿ, ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಸೂಜಿಗೂ ದಾರಕ್ಕೂ ಹೊಂದುತ್ತದೆಯೇ ಎಂದು ನೋಡಲು ಒಂದು ಉಪಾಯವಿದೆ. ಸೂಜಿಗೆ ದಾರ ಪೋಣಿಸಿ, ದಾರವನ್ನು ಬಿಗಿಯಾಗಿ ಓರೆಯಾಗಿ ಹಿಡಿಯಿರಿ. ಸೂಜಿ ತಾನಾಗಿ ಕೆಳಗೆ ಜಾರಿದರೆ ಸರಿ. ಸಿಕ್ಕಿಕೊಂಡು ನಿಂತರೆ ಕಣ್ಣು ಚಿಕ್ಕದಾಯಿತು ಎಂದರ್ಥ. ದಾರ ಪೋಣಿಸುವುದೂ ಸೂಜಿಯಲ್ಲಿ ಉದ್ದ ಗೆರೆ ಇರುವ ಬದಿಯಿಂದಲೇ. ಹೊಳಪು ಮೆತ್ತಿದ ಕೈಹೊಲಿಗೆಯ ದಾರ ಮೆಷಿನ್ನಿಗೆ ಬೇಡ.

ಹೊಲಿಗೆಯನ್ನು ಇಂಚಿಗೆ ಎಂಟರಷ್ಟು ಉದ್ದಕ್ಕೆ ಇಟ್ಟೆ. ಖಾಲಾ ಅಂಚಿನಿಂದ ನಡುವಿಗೆ ಹೋಗುತ್ತಾರೆ, ಮೆಷಿನ್ನಿನಲ್ಲಿ ಹಾಗೆ ಮಾಡಿದರೆ ನಡುವೆ ಬಟ್ಟೆ ಉಬ್ಬಿ ಸುಕ್ಕು ಬೀಳುತ್ತದೆ. ಆದ್ದರಿಂದ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಂಡು ನಡುವಿನಿಂದ ಹೊರಗೆ ಹೊಲಿದೆ. ನೂಲಿನ ದಾರ ಪುಡಿ ಉದುರಿಸುತ್ತದೆ, ದಿನವೂ ಬಾಬಿನ್ ಇರುವ ಜಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಬೇಕು. ಸೂಜಿಯೂ ಏಳೆಂಟು ಗಂಟೆ ಹೊಲಿದ ಮೇಲೆ ಮೊಂಡಾಗುತ್ತದೆ. ಬಟ್ಟೆಗೆ ಇಳಿಯುವಾಗ ಟಪ್ ಟಪ್ ಎಂದು ಸದ್ದು ಬಂದರೆ ಬದಲಿಸಿಬಿಡಿ. ಒಂದು ಸೂಜಿಯ ಬೆಲೆಗೆ ಜಿಪುಣತನ ಮಾಡಬಾರದು.

ಹರಿದ ಎರಡು ಸೀರೆಗಳನ್ನು ಎಸೆಯಲಿಲ್ಲ. ತೂತುಬಿದ್ದ ಗೆರೆಗಳನ್ನು ಬಿಟ್ಟು ಕತ್ತರಿಸಿದಾಗ ಗಟ್ಟಿ ತುಂಡುಗಳು ಸಾಕಷ್ಟು ಸಿಕ್ಕವು. ಹೊಸ ಕೌದಿಯ ನಾಲ್ಕು ಮೂಲೆಯ ಫೂಲಾಗಳು ಅವುಗಳದ್ದೇ. ಅವನ್ನು ಮಾತ್ರ ಕೈಯಿಂದ ಹೊಲಿದೆ.

ಮೊನ್ನೆ ಮಗಳು ಗಂಡನ ಮನೆಯಿಂದ ಫೋನ್ ಮಾಡಿದ್ದಳು. ಕೌದಿ ಒಗೆದಾಗ ಒಂದು ಕಡೆ ಗೇಣುದ್ದ ದಾರ ತುಂಡಾಗಿದೆಯಂತೆ. ಬಟ್ಟೆ ಹೇಗಿದೆ ಎಂದು ಗಾಬರಿಯಿಂದ ಕೇಳಿದೆ. "ಬಟ್ಟೆಗೆ ಏನೂ ಆಗಿಲ್ಲ ಅಮ್ಮಿ. ಎಷ್ಟನೇ ನಂಬರಿನ ದಾರ ತರಲಿ, ಅದನ್ನು ಹೇಳಿ" ಎಂದಳು.