ಕುದುರೆಯ ಬೆನ್ನು, ಶ್ರಾವಕನ ವ್ರತ

ವ್ರತವನ್ನು ಸ್ವೀಕರಿಸುವುದು ಒಂದು ದಿನದ ಕಾರ್ಯ. ಅದರ ಎಲ್ಲೆಯನ್ನು ಅರಿಯುವುದು ಜೀವಮಾನದ ಕಾರ್ಯ. ಅಹಿಂಸಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೆಸರಿಸುತ್ತದೆ: ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರವನ್ನು ಹೇರುವುದು, ಅನ್ನನೀರನ್ನು ತಡೆಯುವುದು. ದಿಗಂಬರ, ಶ್ವೇತಾಂಬರ ಸಂಪ್ರದಾಯಗಳೆರಡೂ ಮಾನ್ಯಮಾಡುವ ಈ ಗ್ರಂಥದ ಈ ಮಾತುಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸಬಲ್ಲರು. ಆದರೆ ಎತ್ತಿನ ಗಾಡಿ, ಜಟಕಾಗಳು ಮರೆಯಾಗುತ್ತಿರುವ ಕಾಲದಲ್ಲಿ ಇವು ತಮಗೆ ಸಂಬಂಧಿಸಿದವಲ್ಲವೆಂದು ಅನೇಕ ಶ್ರಾವಕರು ಭಾವಿಸುವುದುಂಟು. ಕೋಲಾರದ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯ ಒಂದು ಮನೆಯಲ್ಲಿ, ಕೆಲವು ವರ್ಷಗಳ ಹಿಂದೆ, ಈ ಐದು ಮಾತುಗಳೂ ಒಮ್ಮೆಲೇ ಎದ್ದು ನಿಂತು ಉತ್ತರವನ್ನು ಕೇಳಿದವು.

ಆ ಮನೆಯ ಹಿರಿಯರು ಎಪ್ಪತ್ತನ್ನು ದಾಟಿದವರು. ರಾಜಸ್ಥಾನದಿಂದ ಬಂದ ಅವರ ಪೂರ್ವಿಕರು ಗಣಿಯ ಆಶ್ರಯದಲ್ಲಿ ಬೆಳೆದ ಈ ಪೇಟೆಯಲ್ಲಿ ಬಟ್ಟೆಯ ವ್ಯಾಪಾರವನ್ನೂ ಒಡವೆ ಒತ್ತೆಯ ವ್ಯವಹಾರವನ್ನೂ ನಡೆಸಿಕೊಂಡು ಬಂದಿದ್ದರು. ಹಿರಿಯರು ಹತ್ತು ವರ್ಷದ ಬಾಲಕರಾಗಿದ್ದಾಗ ಬಂಗಾರಪೇಟೆಯ ರೈಲು ನಿಲ್ದಾಣದ ಹೊರಗೆ ಒಂದು ದೃಶ್ಯವನ್ನು ಕಂಡರು. ಮಳೆಯಲ್ಲಿ ನೆನೆದ ರಸ್ತೆ. ಗಂಟುಮೂಟೆ ಸಹಿತ ಆರು ಮಂದಿ ಕುಳಿತ ಜಟಕಾ. ಜಾರಿ ಮೊಣಕಾಲೂರಿದ ಬಡಕಲು ಕುದುರೆ. ಅದು ಎದ್ದು ನಿಲ್ಲುವವರೆಗೂ ಚಾಟಿಯ ಪೆಟ್ಟು ನಿಲ್ಲಲಿಲ್ಲ. ಗಾಡಿಯಲ್ಲಿ ಕುಳಿತವರಲ್ಲಿ ಬಾಲಕನೂ ಒಬ್ಬ. ಅಂದಿನಿಂದ ಪ್ರಾಣಿ ಎಳೆಯುವ ವಾಹನವನ್ನಾಗಲಿ ಪ್ರಾಣಿಯ ಬೆನ್ನನ್ನಾಗಲಿ ತಾವು ಏರುವುದಿಲ್ಲವೆಂದು ಅವರು ಸಂಕಲ್ಪ ಮಾಡಿದರು. ತಮ್ಮ ಮದುವೆಯ ಮೆರವಣಿಗೆಯಲ್ಲಿ ಕೂಡ, ಮನೆತನದ ಸಂಪ್ರದಾಯವನ್ನು ಬದಿಗಿಟ್ಟು, ಕುದುರೆಯೇರದೆ ನಡೆದೇ ಬಂದರು.

ಇಂಥ ಮನೆಯಲ್ಲಿ ಹುಟ್ಟಿದ ಮೊಮ್ಮಗನಿಗೆ ನಡೆಯುವ ಭಾಗ್ಯವಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಕರೆಯುವ ಸ್ಥಿತಿ ಅವನದು. ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳು ಬಿಗಿಯಾಗಿ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು. ಬುದ್ಧಿ ಚುರುಕಾಗಿತ್ತು, ಗೋಡೆಯ ಆಸರೆಯಿಲ್ಲದೆ ಕುಳಿತುಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ಅವನಿಗೆ ಎಂಟು ವರ್ಷವಾದಾಗ ಬೆಂಗಳೂರಿನ ವೈದ್ಯರೊಬ್ಬರು, ನಿತ್ಯದ ವ್ಯಾಯಾಮದ ಜೊತೆಗೆ ಕುದುರೆ ಸವಾರಿಯ ಚಿಕಿತ್ಸೆಯನ್ನೂ ಪ್ರಯತ್ನಿಸಬಹುದೆಂದು ಸೂಚಿಸಿದರು.

ಹಿರಿಯರು ಒಪ್ಪಲಿಲ್ಲ. ಕುದುರೆ ಐದು ಇಂದ್ರಿಯಗಳೂ ಮನಸ್ಸೂ ಉಳ್ಳ ಜೀವ. ನಮ್ಮ ಮಗುವಿನ ಸುಖಕ್ಕಾಗಿ ಅದರ ಬೆನ್ನನ್ನು ಬಳಸಿಕೊಳ್ಳುವುದು ಹೇಗೆ ಸರಿ ಎಂಬುದು ಅವರ ವಾದ. ಎಂದೂ ಎದುರಾಡದ ಸೊಸೆ ಅಂದು ಮಾತನಾಡಿದಳು: “ಬಾಬೂಜಿ, ಎಂಟು ವರ್ಷದಿಂದ ಇವನನ್ನು ನಾನು ಎತ್ತಿಕೊಂಡೇ ತಿರುಗುತ್ತಿದ್ದೇನೆ. ನನ್ನ ಬೆನ್ನಿನ ಮೇಲಿರುವುದು ಅತಿಭಾರವೋ ಅಲ್ಲವೋ ಎಂದು ಈ ಮನೆಯಲ್ಲಿ ಯಾರೂ ಗ್ರಂಥ ತೆಗೆದು ನೋಡಲಿಲ್ಲ.”

ಹಿರಿಯರು ಆ ರಾತ್ರಿ ನಿದ್ರಿಸಲಿಲ್ಲ. ಬೆಳಗಾದ ಮೇಲೆ, “ನೋಡದೆ ಬೇಡವೆನ್ನುವುದೂ ಒಂದು ದೋಷ, ಹೋಗಿ ನೋಡಿ ಬರೋಣ” ಎಂದರು.

ಈ ಚಿಕಿತ್ಸೆಯ ಹಿನ್ನೆಲೆಯನ್ನು ಓದುಗರಿಗೆ ತಿಳಿಸುವುದು ಉಚಿತ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ 1944ರಲ್ಲಿ ಪೋಲಿಯೋ ತಗಲಿ ಮೊಣಕಾಲಿನ ಕೆಳಗೆ ಶಕ್ತಿ ಉಡುಗಿಹೋಯಿತು. ಆಕೆ ಹಟತೊಟ್ಟು ಮತ್ತೆ ಕುದುರೆಯೇರಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿಯೂ 1956ರಲ್ಲಿಯೂ ಬೆಳ್ಳಿಯ ಪದಕ ಗೆದ್ದರು. ಕುದುರೆಯನ್ನೇರಲು, ಇಳಿಯಲು ಇತರರ ಸಹಾಯ ಬೇಕಾಗಿದ್ದ ಹೆಂಗಸಿನ ಈ ಸಾಧನೆ ಯೂರೋಪಿನ ಚಿಕಿತ್ಸಕರ ಕಣ್ಣು ತೆರೆಸಿತು. 1969ರ ವೇಳೆಗೆ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇದಕ್ಕಾಗಿ ರಾಷ್ಟ್ರೀಯ ಸಂಘಟನೆಗಳು ರೂಪುಗೊಂಡವು. ತತ್ತ್ವ ಸರಳವಾದದ್ದು. ನಡೆಯುವ ಕುದುರೆಯ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಚಲಿಸುತ್ತ ಸ್ವಲ್ಪ ತಿರುಗುತ್ತದೆ. ಮನುಷ್ಯನು ನಡೆಯುವಾಗ ಅವನ ಸೊಂಟವೂ ಹೆಚ್ಚುಕಡಮೆ ಹೀಗೆಯೇ ಚಲಿಸುತ್ತದೆ. ಎಂದೂ ನಡೆಯದ ಮಗುವಿನ ದೇಹಕ್ಕೆ ನಡಿಗೆಯ ಲಯ ಈ ಬಗೆಯಲ್ಲಿ ಪರಿಚಯವಾಗುತ್ತದೆ. ಮನುಷ್ಯನಿಗಿಂತ ತುಸು ಹೆಚ್ಚು ಬೆಚ್ಚಗಿರುವ ಕುದುರೆಯ ಮೈಶಾಖ ಬಿಗಿದ ಸ್ನಾಯುಗಳನ್ನು ಸಡಿಲಿಸಲು ನೆರವಾಗುತ್ತದೆಂದೂ ಚಿಕಿತ್ಸಕರು ಹೇಳುತ್ತಾರೆ. ಇದು ರೋಗವನ್ನು ಕಳೆಯುವ ಔಷಧವಲ್ಲ. ಸಮತೋಲನ, ಕುಳಿತುಕೊಳ್ಳುವ ಭಂಗಿ ಇವುಗಳಲ್ಲಿ ಕೆಲವು ಮಕ್ಕಳಿಗೆ ಪ್ರಯೋಜನವಾಗುವುದು ಕಂಡುಬಂದಿದೆ, ಅಷ್ಟೆ.

ಮಾರಿಕುಪ್ಪಮ್‌ನಿಂದ ಹೊರಡುವ ಬೆಳಗಿನ ರೈಲಿನಲ್ಲಿ ತಾತ, ಸೊಸೆ, ಮೊಮ್ಮಗ ಮೂವರೂ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಗಣಿಯೂರಿನ ಸಹಸ್ರಾರು ಮಂದಿಗೆ ಅನ್ನದ ದಾರಿಯಾದ ರೈಲು ಅದು. ಊರ ಹೊರವಲಯದ ಆ ಕೇಂದ್ರದಲ್ಲಿ ಮೂವರು ಶಿಕ್ಷಕರಿದ್ದರು. ಹಿರಿಯರು ಯಾವ ಸುತ್ತು ಮಾತೂ ಇಲ್ಲದೆ, ಐದು ಅತಿಚಾರಗಳನ್ನೇ ಐದು ಪ್ರಶ್ನೆಗಳನ್ನಾಗಿ ಮಾಡಿ ಕೇಳಿದರು.

“ಇವುಗಳನ್ನು ದಿನವೆಲ್ಲ ಕಟ್ಟಿಹಾಕುವಿರಾ?” ಎಂಬ ಮೊದಲ ಪ್ರಶ್ನೆಗೆ ಉತ್ತರಿಸಿದವರು ಶಿಕ್ಷಕರಲ್ಲಿ ಕಿರಿಯರು. ಮೈ ಉಜ್ಜುವಾಗ, ಲಾಳ ಕಟ್ಟುವಾಗ ಮಾತ್ರ ಕಟ್ಟುವುದೆಂದೂ, ಕೆಲಸ ಮುಗಿದೊಡನೆ ಬೇಲಿಯೊಳಗಿನ ಬಯಲಿಗೆ ಬಿಡುವುದೆಂದೂ ತೋರಿಸಿದರು. ಹಿರಿಯರು ರಾಬರ್ಟ್‌ಸನ್‌ಪೇಟೆಯವರೆಂದು ತಿಳಿದೊಡನೆ ಅವರ ಮುಖ ಅರಳಿತು. ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿಯ ಕೆಲಸಗಾರರು. ಮುಂದಿನ ಮಾತು ಗಣಿಯೂರಿನ ರೂಢಿಯಂತೆ ತಮಿಳಿಗೆ ಹೊರಳಿತು. ಗಣಿ ಮುಚ್ಚಿದಾಗ ಹತ್ತೊಂಬತ್ತರ ಹರೆಯದ ಅವರು ಬೆಂಗಳೂರಿಗೆ ಬಂದು ಲಾಯದಲ್ಲಿ ಲದ್ದಿ ಬಾಚುವ ಕೆಲಸಕ್ಕೆ ಸೇರಿ, ಕುದುರೆಗಳಿಂದಲೇ ಕುದುರೆಯ ವಿದ್ಯೆ ಕಲಿತವರು. “ಬೆಳಿಗ್ಗೆ ಕೆಳಗಿಳಿದ ಅಪ್ಪ ಸಂಜೆ ಮೇಲೆ ಬಂದು ಮೊದಲು ಆಕಾಶ ನೋಡುತ್ತಿದ್ದರು. ದುಡಿಯುವ ಯಾವ ಜೀವಕ್ಕೇ ಆಗಲಿ ಅಷ್ಟಾದರೂ ಸಿಗಬೇಕು” ಎಂದರು. ಬಳಿಕ ಯಾವ ಕಹಿಯೂ ಇಲ್ಲದೆ, “ಗಣಿ ಮುಚ್ಚಿದ ವರ್ಷ ಅಮ್ಮನ ತಾಳಿಯೊಂದನ್ನು ಬಿಟ್ಟು ಮನೆಯ ಒಡವೆಯೆಲ್ಲ ಪೇಟೆಯ ಸೇಟು ಅಂಗಡಿಯಲ್ಲಿತ್ತು. ಬಡ್ಡಿ ಕಟ್ಟಲಾಗದೆ ಅಲ್ಲಿಯೇ ಉಳಿಯಿತು” ಎಂದರು. ಅದು ಯಾವ ಅಂಗಡಿಯೆಂದು ಅವರು ಹೇಳಲಿಲ್ಲ; ಹಿರಿಯರೂ ಕೇಳಲಿಲ್ಲ. ಆದರೆ ಎರಡನೆಯ ಪ್ರಶ್ನೆಯನ್ನು ಕೇಳಲು ಅವರಿಗೆ ಕೊಂಚ ಹೊತ್ತು ಹಿಡಿಯಿತು.

“ಹೊಡೆಯುವಿರಾ?” ಇದಕ್ಕೆ ಮುಖ್ಯ ಶಿಕ್ಷಕರು ಉತ್ತರಿಸಿದರು. ಅವರು ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯಲ್ಲಿದ್ದು ದಸರಾ ಮೆರವಣಿಗೆಗಳಲ್ಲಿ ಸವಾರಿ ಮಾಡಿ ನಿವೃತ್ತರಾದವರು. “ಹೊಡೆದಿದ್ದೇನೆ. ಹರೆಯದಲ್ಲಿ ಕುದುರೆ ಹೆದರಿದರೆ ಅದನ್ನು ಹಟವೆಂದು ತಿಳಿದು ಹೊಡೆದಿದ್ದೇನೆ. ಹೊಡೆಸಿಕೊಂಡ ಕುದುರೆ ಮುಂದಕ್ಕೆ ಹೋಗುತ್ತದೆ, ನಂಬುವುದಿಲ್ಲ. ನಂಬದ ಕುದುರೆಯ ಮೇಲೆ ಇಂಥ ಮಗುವನ್ನು ಕೂರಿಸಲಾಗದು. ಇಲ್ಲಿ ಚಾಟಿಯಿಲ್ಲ” ಎಂದರು. ತಪ್ಪನ್ನು ಮುಚ್ಚದೆ ಹೇಳಿದ ಆ ಮಾತಿನಲ್ಲಿ ಹಿರಿಯರಿಗೆ ಪ್ರತಿಕ್ರಮಣದ ಧ್ವನಿ ಕೇಳಿಸಿತು.

ಮೂರನೆಯ ಪ್ರಶ್ನೆಯೇ ಕಠಿಣವಾದದ್ದು: ಚುಚ್ಚುವುದು, ಕತ್ತರಿಸುವುದು. ಲಾಳದ ಮೊಳೆ ಹೋಗುವುದು ಗೊರಸಿನ ಹೊರ ಅಂಚಿಗೆ. ನಮ್ಮ ಉಗುರಿನ ತುದಿಯಂತೆ ಅಲ್ಲಿ ನೋವಿನ ಅರಿವಿಲ್ಲ, ಮೊಳೆ ದಾರಿ ತಪ್ಪಿದರೆ ಮಾತ್ರ ನೋವು. ಚಿಕಿತ್ಸೆಯ ಹೊತ್ತಿನಲ್ಲಿ ಬಾಯಿಗೆ ಕಬ್ಬಿಣದ ಕಡಿವಾಣವಿಲ್ಲ; ಮುಖದ ಪಟ್ಟಿಗೆ ಹಗ್ಗ ಕಟ್ಟಿ ನಡೆಸುತ್ತಾರೆ. ಇಷ್ಟನ್ನು ವಿವರಿಸಿ ಮುಖ್ಯ ಶಿಕ್ಷಕರು ಒಂದು ಕ್ಷಣ ತಡೆದು, “ಇಲ್ಲಿರುವ ಗಂಡು ಕುದುರೆಗಳಿಗೆಲ್ಲ ಬೀಜ ತೆಗೆಸಿದೆ. ಅರಿವಳಿಕೆ ಕೊಟ್ಟು ಪಶುವೈದ್ಯರೇ ಮಾಡಿದ್ದು. ಆದರೂ ಕತ್ತರಿಸಿದ್ದು ಕತ್ತರಿಸಿದ್ದೇ” ಎಂದರು. ಈ ಪ್ರಶ್ನೆಗೆ ಸಮಾಧಾನದ ಉತ್ತರ ಅಂದು ದೊರೆಯಲಿಲ್ಲ. ಇಂದಿಗೂ ದೊರೆತಿಲ್ಲ.

ನಾಲ್ಕನೆಯದು ಅತಿಭಾರ. ಅದಕ್ಕೆ ಉತ್ತರಿಸಿದಾಕೆ ಅಂಗಮರ್ದನ, ವ್ಯಾಯಾಮ ಚಿಕಿತ್ಸೆಗಳ ಪದವಿ ಪಡೆದ ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿಯವರು. ಇಪ್ಪತ್ತೈದು ವರ್ಷ ತುಂಬುವವರೆಗೆ ಕುದುರೆಯನ್ನು ಮುಟ್ಟಿದವರಲ್ಲ. ಮೊದಲ ಆರು ತಿಂಗಳು ಹೆದರುತ್ತಲೇ ಕಲಿತರಂತೆ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ರೂಢಿಯ ನಿಯಮವೆಂದು ಅವರು ತಿಳಿಸಿದರು. ಅಲ್ಲಿನ ಕುದುರೆ ಸುಮಾರು 380 ಕಿಲೋ. ನಿಯಮದಂತೆ 76 ಕಿಲೋ ಹೊರಬಹುದು. ಬಾಲಕನೂ ದಪ್ಪನೆಯ ಬಟ್ಟೆಯ ಹಾಸೂ ಸೇರಿದರೆ 25 ಕಿಲೋ ಮಾತ್ರ. “ಆದರೆ ಭಾರವೆಂದರೆ ತೂಕವಷ್ಟೇ ಅಲ್ಲ. ಒಂದು ಕಡೆಗೆ ವಾಲುವ ಹಗುರ ಮಗು, ನೆಟ್ಟಗೆ ಕೂರುವ ದೊಡ್ಡವನಿಗಿಂತ ಹೆಚ್ಚು ನೋಯಿಸಬಹುದು. ಅದಕ್ಕಾಗಿಯೇ ಒಬ್ಬರು ಕುದುರೆಯನ್ನು ನಡೆಸುತ್ತಾರೆ, ಎರಡು ಪಕ್ಕದಲ್ಲಿ ಇಬ್ಬರು ಮಗುವನ್ನು ಹಿಡಿದು ನಡೆಯುತ್ತಾರೆ. ಒಬ್ಬರಿಗೆ ಅರ್ಧ ಗಂಟೆ, ಹೆಚ್ಚಿಲ್ಲ” ಎಂದರು. ದೂರದೂರಿನಿಂದ ಬೆಳೆದ ಮಗನನ್ನು ಕರೆತಂದಿದ್ದ ತಂದೆತಾಯಿಯರನ್ನು, ಅವನ ತೂಕ ಮಿತಿಯನ್ನು ಮೀರಿತೆಂದು, ಹಿಂದಕ್ಕೆ ಕಳುಹಿಸಬೇಕಾಯಿತಂತೆ. “ಆ ತಾಯಿ ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕುದುರೆಗೆ ಅಳಲು ಬರುವುದಿಲ್ಲವಲ್ಲ. ಅದರ ಪರವಾಗಿ ನಾನೇ ಇಲ್ಲವೆನ್ನಬೇಕು.” ಬಾಲಕನ ಸೊಂಟದ ಕೀಲಿನ ಎಕ್ಸ್‌ರೇ ನೋಡದೆ ಅವನನ್ನೂ ಕೂರಿಸುವುದಿಲ್ಲವೆಂದರು. ಕೀಲು ತಪ್ಪಿದವರಿಗೆ, ಹತೋಟಿಗೆ ಬಾರದ ಮೂರ್ಛೆರೋಗವುಳ್ಳವರಿಗೆ ಈ ಚಿಕಿತ್ಸೆ ಅಪಾಯಕಾರಿ.

ಐದನೆಯದು ಅನ್ನಪಾನ. ಕುದುರೆಯ ಹೊಟ್ಟೆ ಅದರ ಗಾತ್ರಕ್ಕೆ ಚಿಕ್ಕದು. ಅದು ದಿನದ ಬಹುಪಾಲು ಮೇಯುತ್ತಲೇ ಇರಬೇಕು. ಹುಲ್ಲು, ಹುರುಳಿ, ಸದಾ ತುಂಬಿದ ನೀರಿನ ತೊಟ್ಟಿಗಳನ್ನು ಹಿರಿಯರು ಕಂಡರು. ಕಂಡು ತೃಪ್ತರಾಗಿ ಇನ್ನೊಂದನ್ನು ಕೇಳಿದರು: “ಮುದಿಯಾದ ಮೇಲೆ?”

ಮೂವರೂ ಸುಮ್ಮನಾದರು. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ದುಡಿಮೆ ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ. ಹಿಂದಿನ ಬಯಲಿನಲ್ಲಿ ನಿಂತಿದ್ದ ಎರಡು ಮುದಿ ಕುದುರೆಗಳನ್ನು ಕಿರಿಯ ಶಿಕ್ಷಕರು ತೋರಿಸಿದರು. “ಇವೆರಡನ್ನು ಹೇಗೋ ಸಾಕುತ್ತಿದ್ದೇವೆ. ಮೂರನೆಯದು ಬಂದರೆ ಏನು ಮಾಡುವುದೋ ತಿಳಿಯದು. ದಾನಿಗಳು ಮಗುವಿನ ಸವಾರಿಗೆ ಹಣ ಕೊಡುತ್ತಾರೆ, ಕೆಲಸ ನಿಲ್ಲಿಸಿದ ಕುದುರೆಯ ಹುಲ್ಲಿಗೆ ಕೊಡುವುದಿಲ್ಲ.”

ಮುಂದಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಎಕ್ಸ್‌ರೇ ಸರಿಯಿತ್ತು. ಬಾಲಕ ವಾರಕ್ಕೊಮ್ಮೆ ಕುದುರೆಯೇರಿದ. ಪಕ್ಕದಲ್ಲಿ ನಡೆಯುವವರಿಬ್ಬರಲ್ಲಿ ಒಬ್ಬರು ಬಾರದಿದ್ದ ದಿನ ತಾತನೇ ಆ ಜಾಗದಲ್ಲಿ ನಿಂತು, ಕಲಿಸಿದಂತೆ ಮೊಮ್ಮಗನ ತೊಡೆಯನ್ನು ಹಿಡಿದು ನಡೆದರು; ಆಮೇಲೆ ಅದು ಅವರ ಕೆಲಸವೇ ಆಯಿತು. ಅವರ ವ್ರತಕ್ಕೆ ಭಂಗ ಬರಲಿಲ್ಲ. ವರ್ಷದ ಕೊನೆಗೆ ಬಾಲಕ ಗೋಡೆಯ ಆಸರೆಯಿಲ್ಲದೆ ನೆಲದ ಮೇಲೆ ಕುಳಿತು ಎಲ್ಲರ ಪಂಕ್ತಿಯಲ್ಲಿ ಉಣ್ಣತೊಡಗಿದ. ಅವನು ನಡೆಯಲಿಲ್ಲ, ನಡೆಯುವನೆಂದು ಯಾರೂ ಭರವಸೆ ಕೊಟ್ಟಿರಲೂ ಇಲ್ಲ. ಸೊಸೆಯ ಬೆನ್ನಿನ ಭಾರವನ್ನು ಮನೆಮಂದಿ ಸರದಿಯಂತೆ ಹಂಚಿಕೊಂಡರು. ಒಂದು ಮುದಿ ಕುದುರೆಯ ಜೀವಿತಾವಧಿಯ ಮೇವನ್ನು ಹಿರಿಯರು ವಹಿಸಿಕೊಂಡರು. ಆ ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕ ತೆರೆದಾಗ ಒತ್ತೆಯ ಬಡ್ಡಿಯ ದರವನ್ನು ಇಳಿಸಿ ತಮ್ಮ ಕೈಯಿಂದಲೇ ಬರೆದರು. ಕಾರಣವನ್ನು ಮಗ ಕೇಳಿದಾಗ, “ನಾಲ್ಕನೆಯ ಅತಿಚಾರ” ಎಂದಷ್ಟೇ ಹೇಳಿದರು.

ಪ್ರಾಣಿಗೆ ಶಕ್ತಿ ಮೀರಿ ಭಾರ ಹೇರುವುದನ್ನು 1960ರ ಪ್ರಾಣಿಹಿಂಸಾ ನಿಷೇಧ ಕಾಯಿದೆಯೂ ಅಪರಾಧವೆನ್ನುತ್ತದೆ. ಆದರೆ ಭಾರ ಎಲ್ಲಿ ಅತಿಯಾಗುತ್ತದೆಂಬುದನ್ನು ಹತ್ತಿರ ನಿಂತು ನೋಡಿದವರೇ ಬಲ್ಲರು. ಗಣಿಯ ಕತ್ತಲೆಯನ್ನು ಕಂಡ ಮನೆಯ ಮಗ, ಚಾಟಿ ಹಿಡಿದು ಬಿಟ್ಟವರು, ಹೆದರಿಕೆಯನ್ನು ದಾಟಿದವರು: ಈ ಮೂವರಲ್ಲಿ ಯಾರೂ ಅಹಿಂಸೆಯ ಗ್ರಂಥವನ್ನು ಓದಿದವರಲ್ಲ, ಆದರೂ ಅವರ ದಿನಚರಿ ಅದರ ಭಾಷ್ಯದಂತಿತ್ತು. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಬಸದಿಗಳಲ್ಲಿಯೂ ಮಂದಿರಗಳಲ್ಲಿಯೂ ಆ ಪೀಠಕ್ಕೆ ಕೈಮುಗಿಯುವ ನಾವು, ಗೋಶಾಲೆ, ಪಾಂಜರಾಪೋಲುಗಳಿಗೆ ಮೀಸಲಿಟ್ಟ ದ್ರವ್ಯದಲ್ಲಿ ದುಡಿದು ದಣಿದ ಕುದುರೆಗೂ ಒಂದು ಹಿಡಿ ಹುಲ್ಲಿನ ಪಾಲಿದೆಯೇ ಎಂಬುದನ್ನು ಮುಂದಿನ ಟ್ರಸ್ಟ್ ಸಭೆಯಲ್ಲಿ ವಿಚಾರಿಸಬಹುದಲ್ಲವೆ?